ಶನಿವಾರದ ಕೊನೆಯ ಗಂಟೆ

ಹದಿನಾಲ್ಕನೇ ತಾರೀಕು, ಮಂಗಳವಾರ, ಬೆಳಿಗ್ಗೆ ೧೦.೨೦ಕ್ಕೆ ನಲವತ್ತೆಂಟು ವರ್ಷದ ಹೆಂಗಸೊಬ್ಬಳು ಠಾಣೆಗೆ ಬಂದಳು. ಶಾಲಾ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಅಲ್ಲಿ ಎಲ್ಲರೂ ಅವಳನ್ನು ಕಟಿಂಗ್ ಅಕ್ಕ ಅನ್ನುತ್ತಾರೆ. ರೈಟರ್ ಮುಂದೆ ಒಂದು ಕಾಗದ ಇಟ್ಟಳು. ಅದೊಂದು ಸಾವಿನ ಸುದ್ದಿ.

"ಯಾರಮ್ಮ ಸತ್ತಿದ್ದು?"

"ಯಾರೂ ಸತ್ತಿಲ್ಲ ಸಾರ್. ಅದಕ್ಕೇ ಬಂದಿರೋದು."

ರೈಟರ್ ಪೆನ್ನು ಕೆಳಗಿಟ್ಟ. "ಬದುಕಿದಾರೆ ಅಂತ ದೂರು ಕೊಡೋಕೆ ಬಂದವರು ನೀವೇ ಮೊದಲು," ಎಂದು ಅವಳನ್ನು ಇನ್‌ಸ್ಪೆಕ್ಟರ್ ಕೋಣೆಗೆ ಕಳಿಸಿದ.

ಹೇಳಿಕೆಯ ಸಾರಾಂಶ ಇಷ್ಟು. ಹೊರದೇಶಗಳ ಬಡ ರೋಗಿಗಳ ಚಿಕಿತ್ಸೆಗೆ ದೇಣಿಗೆ ಕೂಡಿಸುವ ಒಂದು ಸಂಸ್ಥೆಯಿದೆ. ದಾನಿಗಳ ಪ್ರತಿ ಗುಂಪಿಗೂ ಕೆಲವು ರೋಗಿಗಳ ಫೋಟೊ ಕಳಿಸಿ ಒಬ್ಬರನ್ನು ಗೊತ್ತು ಮಾಡಿಕೊಳ್ಳಲು ಹೇಳುತ್ತದೆ. ಶಸ್ತ್ರಚಿಕಿತ್ಸೆ ಆದಮೇಲೆ ವೈದ್ಯರ ಸಹಿಯಿರುವ ಪತ್ರ ಬರುತ್ತದೆ. ಕಾರ್ಖಾನೆಯ ಇಪ್ಪತ್ತೆರಡು ಹೆಂಗಸರಿಗೆ ಸಿಕ್ಕವಳು ಎರಡೂ ಕಾಲು ಸೊಟ್ಟಗಿದ್ದ ಹನ್ನೊಂದು ವರ್ಷದ ಹುಡುಗಿ. ಶನಿವಾರದ ಕೊನೆಯ ಒಂದು ಗಂಟೆಯ ಕೂಲಿ ಅವಳಿಗೆ. ಎರಡು ವರ್ಷದಿಂದ ಆ ಗಂಟೆಗೆ 'ಹುಡುಗಿ ಗಂಟೆ' ಎಂದೇ ಹೆಸರು. ಬಲಗಾಲು ನೆಟ್ಟಗಾಗಿತ್ತು. ಎಡಗಾಲು ಬಾಕಿ. ಅಷ್ಟರಲ್ಲಿ ಈ ತಿಂಗಳ ಎರಡನೇ ತಾರೀಕು ಕಾರ್ಖಾನೆಗೆ ಪತ್ರ ಬಂತು: ನಂಜು ಏರಿ ಹುಡುಗಿ ತೀರಿಕೊಂಡಳು. ಹೆಂಗಸರು ಅತ್ತರು, ಗೋಡೆಯ ಮೇಲಿದ್ದ ಅವಳ ಫೋಟೊ ಕಿತ್ತಿಟ್ಟರು, ದೇಣಿಗೆ ನಿಲ್ಲಿಸಿದರು.

"ನಿನ್ನೆ ಸಂಸ್ಥೆಯವರು ಫೋನ್ ಮಾಡಿ, ಯಾಕಮ್ಮ ನಿಲ್ಲಿಸಿದ್ರಿ, ಹುಡುಗಿ ಕಾಯ್ತಿದಾಳೆ ಅಂದ್ರು. ಶನಿವಾರದೊಳಗೆ ನಾವು ಹೂಂ ಅನ್ನದಿದ್ರೆ ಅವಳ ಆಪರೇಷನ್ ಸರದಿ ಬೇರೆಯವರಿಗೆ ಹೋಗುತ್ತೆ."

"ಹೂಂ ಅನ್ನಿ ಮತ್ತೆ."

"ಯಾರೂ ನಂಬ್ತಿಲ್ಲ ಸಾರ್. ಸತ್ತವಳ ಹೆಸರಲ್ಲಿ ಇನ್ನೂ ನುಂಗಬೇಕಾ ಅಂತ ನನ್ನನ್ನೇ ಕೇಳ್ತಾರೆ. ಈ ಪತ್ರ ಸುಳ್ಳು ಅಂತ ನಿಮ್ಮ ಬಾಯಲ್ಲಿ ಬಂದ್ರೆ ನಂಬ್ತಾರೆ."

ಖೋಟಾ ದಾಖಲೆ ಸೃಷ್ಟಿಸಿದ ಆರೋಪದಡಿ ೧೧.೪೫ಕ್ಕೆ ಎಫ್‌ಐಆರ್ ದಾಖಲಾಯಿತು.

ಲಕೋಟೆಯ ಮೇಲಿದ್ದ ಅಂಚೆ ಮುದ್ರೆ ಕಾರ್ಖಾನೆಯ ಹಿಂದಿನ ಬೀದಿಯ ಅಂಚೆ ಕಚೇರಿಯದು. ಸಂಸ್ಥೆಯ ಕಚೇರಿ ಇರುವುದು ಬೇರೆ ಊರಿನಲ್ಲಿ. ಪತ್ರದ ತಲೆಬರಹ ಹಳೆಯ ಪತ್ರದಿಂದ ತೆಗೆದ ಜೆರಾಕ್ಸ್. ವೈದ್ಯರ ಸಹಿ ಮಾತ್ರ ಶಾಯಿಯಲ್ಲಿತ್ತು. ಇನ್‌ಸ್ಪೆಕ್ಟರ್ ಅದನ್ನು ಭೂತಗನ್ನಡಿಯಲ್ಲಿ ನೋಡಿ ಮಹಿಳಾ ಕಾನ್‌ಸ್ಟೇಬಲ್ ಕಡೆ ತಳ್ಳಿದರು. ಶಾಯಿಯ ಅಡಿಯಲ್ಲಿ ಸಣ್ಣ ಸಣ್ಣ ಚುಕ್ಕೆಗಳ ಸಾಲು.

"ಇದು ಟ್ರೇಸಿಂಗ್ ವೀಲ್ ಗುರುತು ಸಾರ್," ಅಂದಳು ಅವಳು. "ನಮ್ಮಮ್ಮನೂ ಟೈಲರೇ. ಬಟ್ಟೆ ಮೇಲೆ ಕಾರ್ಬನ್ ಇಟ್ಟು, ಅದರ ಮೇಲೆ ನಮೂನೆ ಕಾಗದ ಇಟ್ಟು, ಹಲ್ಲಿರೋ ಸಣ್ಣ ಚಕ್ರ ಉರುಳಿಸ್ತಾರೆ. ಗೆರೆ ಕೆಳಗೆ ಮೂಡುತ್ತೆ. ಬೇರೆ ಯಾರಾದ್ರೂ ಆಗಿದ್ರೆ ಪೆನ್ಸಿಲಲ್ಲಿ ತಿದ್ದೋರು. ಕೈ ಪಳಗಿರೋರಿಗೆ ಚಕ್ರನೇ ನೆನಪಾಗೋದು."

ಸಹಿಯ ಕೆಳಗೆ ಉದ್ದಕ್ಕೆ ಎಳೆದ ಗೆರೆಯಲ್ಲಿ ಅವಳು ಚುಕ್ಕೆ ಎಣಿಸಿದಳು. ಒಂದು ಕಡೆ ಖಾಲಿ. ಮುಂದೆ ಇಪ್ಪತ್ತಾರು ಚುಕ್ಕೆ, ಮತ್ತೆ ಖಾಲಿ.

"ಒಂದು ಹಲ್ಲು ಮುರಿದಿದೆ ಸಾರ್."

ಹದಿನೈದನೇ ತಾರೀಕು, ಬುಧವಾರ, ಮಧ್ಯಾಹ್ನ ೨.೧೫. ಕಾರ್ಖಾನೆಯೆಂದರೆ ಒಂದು ಉದ್ದನೆಯ ಹಾಲ್. ಎರಡು ಸಾಲು ಮೆಷಿನ್ನು, ನಡುವೆ ಕಟಿಂಗ್ ಮೇಜು, ನೆಲದ ತುಂಬ ನೀಲಿ ಬಟ್ಟೆಯ ಚೂರು. ಗೋಡೆಯ ಹಲಗೆಯ ಮೇಲೆ ಫೋಟೊ ಇದ್ದ ಜಾಗದಲ್ಲಿ ನಾಲ್ಕು ಪಿನ್ನಿನ ತೂತು ಉಳಿದಿದ್ದವು. ಪೊಲೀಸರನ್ನು ಕಂಡು ಮೆಷಿನ್ನುಗಳು ಒಂದೊಂದಾಗಿ ನಿಂತವು. ಮೂಲೆಯ ಕಾಜಾ ಮೆಷಿನ್ ಮಾತ್ರ ಓಡುತ್ತಲೇ ಇತ್ತು. ಅಂಗಿಯ ಗುಂಡಿಗೆ ಕಾಜಾ ಹೊಡೆಯುವ ಅಲ್ಲಿನ ಹೆಂಗಸು ಕಟಿಂಗ್ ಅಕ್ಕನ ಒಡಹುಟ್ಟಿದ ತಂಗಿ. ಅವಳನ್ನು ಎಲ್ಲರೂ ಕರೆಯುವುದೂ ಕಾಜಾ ಅಂತಲೇ. ಹುಟ್ಟಿನಿಂದ ಎಡಗಾಲು ಗಿಡ್ಡ.

ಒಂಬತ್ತು ಚಕ್ರಗಳು ಸಿಕ್ಕವು. ಇಬ್ಬರು ಪಂಚಸಾಕ್ಷಿಗಳ ಎದುರು ಕಾನ್‌ಸ್ಟೇಬಲ್ ಪ್ರತಿಯೊಂದನ್ನೂ ಬಿಳಿ ಹಾಳೆಯ ಮೇಲೆ ಉರುಳಿಸಿ ಒಂದರಿಂದ ಒಂಬತ್ತರವರೆಗೆ ಸಂಖ್ಯೆ ಬರೆದಳು.

"ಚಕ್ರ ಕದ್ದೋರು ಯಾರಮ್ಮ?" ಕಾಲರ್ ಹೊಲಿಯುವವಳು ಕೇಳಿದಳು.

"ಕದ್ದಿಲ್ಲ. ಹಲ್ಲು ನೋಡ್ತಿದೀವಿ."

"ಹಾಗಾದ್ರೆ ನಮ್ಮತ್ತೇನೂ ಕರ್ಕೊಂಡು ಬರ್ತೀನಿ, ನೋಡ್ಬಿಡಿ."

ಇಡೀ ಹಾಲ್ ನಕ್ಕಿತು. ಕಟಿಂಗ್ ಅಕ್ಕನೂ ನಕ್ಕಳು. ಒಂಬತ್ತು ಚಕ್ರಗಳಿಗೂ ಹಲ್ಲು ಪೂರ್ತಿ ಇದ್ದವು.

ಇನ್‌ಸ್ಪೆಕ್ಟರ್ ಕಟಿಂಗ್ ಅಕ್ಕನನ್ನು ಮಾಲೀಕರ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ಕಾನ್‌ಸ್ಟೇಬಲ್ ಗಡಿಯಾರ ನೋಡಿ ಬರೆದುಕೊಂಡಳು: ೩.೧೦.

"ಸಂಸ್ಥೆಯ ಹಳೇ ಪತ್ರಗಳೆಲ್ಲ ಎಲ್ಲಿಡ್ತೀರಿ?"

"ಮನೇಲಿ. ಬೀರುವಿನಲ್ಲಿ."

"ಒಂದು ಹಲ್ಲು ಮುರಿದ ಚಕ್ರ ಯಾರ ಹತ್ರ ಇದೆ?"

ಅವಳು ಕತ್ತರಿ ಹಿಡಿದು ಗಟ್ಟಿಯಾಗಿದ್ದ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಉಜ್ಜತೊಡಗಿದಳು. ಹೊರಗೆ ಮೆಷಿನ್ನುಗಳು ಮತ್ತೆ ಶುರುವಾದವು. ಇನ್‌ಸ್ಪೆಕ್ಟರ್ ಪ್ರಶ್ನೆಯನ್ನು ಎರಡನೇ ಸಲ ಕೇಳಲಿಲ್ಲ. ಟೀ ಬಂತು, ಆರಿತು.

"ಸಾರ್, ದೂರು ವಾಪಸ್ ತಗೋಬಹುದಾ?"

"ಎಫ್‌ಐಆರ್ ಆಗಿದೆ. ಅದು ನನ್ನ ಕೈಲಿಲ್ಲ. ಬರೆದವರು ಸಿಗದೆ ಪತ್ರ ಖೋಟಾ ಅಂತ ನಾನು ಹೇಳೋ ಹಾಗೂ ಇಲ್ಲ. ನೀವು ಬಾಯಿ ಬಿಡದಿದ್ರೆ ಶನಿವಾರದೊಳಗೆ ಅವರನ್ನ ಹಿಡಿಯೋದು ಕಷ್ಟ."

ಅವಳು ಹಾಲ್ ಕಡೆ ತಿರುಗಿದಳು. ಕಿಟಕಿಯ ಗಾಜಿನಾಚೆ ಮೂಲೆಯ ಕಾಜಾ ಮೆಷಿನ್ ಕಾಣುತ್ತಿತ್ತು.

"ಕಾಲು ಒಂದು ನೆಟ್ಟಗಾಗಿ ಒಂದು ಸೊಟ್ಟ ಉಳಿದ್ರೆ, ಎರಡೂ ಸೊಟ್ಟಗಿರೋದಕ್ಕಿಂತ ಕಷ್ಟ ಸಾರ್. ನಾನು ನೋಡಿದೀನಿ. ಒಂದೇ ಕಾಲು ಎಳೆಯೋದನ್ನ." ಆಮೇಲೆ ತಲೆ ತಗ್ಗಿಸಿ ಹೇಳಿದಳು: "ಮನೇಲಿ. ಕಿಟಕಿ ಪಕ್ಕ ಬಿಸ್ಕತ್ ಡಬ್ಬೀಲಿ. ನನ್ನ ಮೊದಲನೇ ಚಕ್ರ. ಹಲ್ಲು ಮುರಿದ ಮೇಲೆ ತಂಗಿಗೆ ಕೊಟ್ಟಿದ್ದೆ."

ಕಾನ್‌ಸ್ಟೇಬಲ್ ಮತ್ತೆ ಗಡಿಯಾರ ನೋಡಿದಳು.

ಅಕ್ಕತಂಗಿಯರದು ಒಂದೇ ಕೋಣೆಯ ಮನೆ. ಎರಡು ಮಂಚ. ಅಕ್ಕನ ತಲೆದಿಂಬಿನ ಮೇಲುಗಡೆ ಗೋಡೆಗೆ ಅದೇ ಹುಡುಗಿಯ ಇನ್ನೊಂದು ಫೋಟೊ. ಎದುರು ಮಂಚದಲ್ಲಿ ಮಲಗಿದವರಿಗೆ ಕಣ್ಣು ಬಿಟ್ಟರೆ ಕಾಣುವುದು ಅದೊಂದೇ. ೪.೪೦ಕ್ಕೆ ಪಂಚರ ಸಮಕ್ಷಮ ಡಬ್ಬಿಯಿಂದ ಚಕ್ರವನ್ನು ವಶಪಡಿಸಿಕೊಳ್ಳಲಾಯಿತು. ಹಾಳೆಯ ಮೇಲೆ ಉರುಳಿಸಿದಾಗ ಇಪ್ಪತ್ತಾರು ಚುಕ್ಕೆ, ಒಂದು ಖಾಲಿ. ತಂಗಿಯ ಹಾಸಿಗೆಯ ಅಡಿಯಲ್ಲಿ ಒಂದು ಕಾರ್ಬನ್ ಹಾಳೆ ಸಿಕ್ಕಿತು. ಬೆಳಕಿಗೆ ಹಿಡಿದರೆ ವೈದ್ಯರ ಸಹಿ.

೫.೩೦ಕ್ಕೆ ಕಾಜಾಳನ್ನು ಕಾರ್ಖಾನೆಯಲ್ಲೇ ದಸ್ತಗಿರಿ ಮಾಡಿದರು. ಅವಳು ಕೈಯಲ್ಲಿದ್ದ ಅಂಗಿಯ ಕೊನೆಯ ಕಾಜಾ ಮುಗಿಸಿ, ದಾರ ಕತ್ತರಿಸಿ, ಎದ್ದಳು. ಇನ್‌ಸ್ಪೆಕ್ಟರ್ ಹೆಂಗಸರಿಗೆ ಎರಡೇ ಮಾತು ಹೇಳಿದರು: ಪತ್ರ ಖೋಟಾ, ಹುಡುಗಿ ಬದುಕಿದ್ದಾಳೆ. ಕಾಲರ್ ಹೊಲಿಯುವವಳೇ ಹೋಗಿ ಫೋಟೊವನ್ನು ಹಲಗೆಗೆ ಚುಚ್ಚಿದಳು. ಆರು ಗಂಟೆಯ ಹೊತ್ತಿಗೆ ಸಂಸ್ಥೆಗೆ ಫೋನ್ ಹೋಗಿ ಸರದಿ ಉಳಿಯಿತು.

ಗುರುವಾರ ಬೆಳಿಗ್ಗೆ ೯.೩೦. ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕಾಜಾಳನ್ನು ಕೇಳುತ್ತಿದ್ದರು, ಮಹಿಳಾ ಕಾನ್‌ಸ್ಟೇಬಲ್ ಬರೆದುಕೊಳ್ಳುತ್ತಿದ್ದಳು.

"ಪತ್ರ ಬರೆದದ್ದು ನೀವೇನಾ?"

"ಹೂಂ."

"ಯಾಕೆ?"

"ನಂಗೂ ಹನ್ನೊಂದು ವರ್ಷ ಇತ್ತಲ್ಲ ಸಾರ್ ಒಂದು ಕಾಲದಲ್ಲಿ. ಆಗ ನನ್ನ ಕಾಲಿಗೆ ಯಾರೂ ಗಂಟೆ ಕೂಲಿ ಬಿಡಲಿಲ್ಲ."

"ಆಗ ನಿಮ್ಮಕ್ಕನ ಹತ್ರ ಏನಿತ್ತು?"

"ಏನೂ ಇರಲಿಲ್ಲ. ಈಗ ಇದೆ. ಈಗ ಕೇಳಿದ್ಲಾ?" ಅವಳು ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡಳು. "ಸಂಸ್ಥೆಯವರು ಆರು ಫೋಟೊ ಕಳಿಸಿದ್ರು. ನನ್ನ ಕಾಲು ನೋಡಿ ನೋಡಿ ಈ ಹುಡುಗಿನೇ ಬೇಕು ಅನ್ನಿಸ್ತಂತೆ ಅವಳಿಗೆ. ಆರಿಸೋಕೆ ನಾನು ಎದುರಿಗೇ ಕೂತಿದ್ನಲ್ಲ? ಹಿತ್ತಲ ಗಿಡ ಮದ್ದಲ್ಲ. ಶನಿವಾರ ಶನಿವಾರ ಆ ಹುಡುಗಿ ಕಾಲಿಗೋಸ್ಕರ ನಾನೂ ಕಾಜಾ ಹೊಡೀಬೇಕಿತ್ತು. ಆ ಗಂಟೆಲೇ ನನ್ನ ಕಾಲು ಜಾಸ್ತಿ ನೋಯೋದು. ಒಂದು ದಿನ ಏಳೋಣ ಅಂತ ಹೋದೆ. ಅಕ್ಕ ಎಲ್ಲರೆದುರಿಗೆ, ಪಾಪ ಆ ಮಗು ನೆನೆಸ್ಕೊಳೇ, ಅಂದ್ಲು."

"ಮಗು ಸಾಯಲಿ ಅಂತ ಇತ್ತಾ?"

"ಇಲ್ಲ. ನಮ್ಮನೆಯಿಂದ ಹೋಗಲಿ ಅಂತ ಇತ್ತು."

ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆಯನ್ನು ಸಹಿಗೆಂದು ಅವಳ ಮುಂದಿಟ್ಟರು.

"ಚಕ್ರ ಎಲ್ಲಿದೆ ಅಂತ ಅಕ್ಕನೇ ಹೇಳಿದ್ದಲ್ವಾ?" ಅವಳು ಕೇಳಿದಳು.

"ಹೂಂ."

"ಕೇಳಿದ ತಕ್ಷಣ ಹೇಳಿದ್ಲಾ?"

ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರ್ ಮುಖ ನೋಡಿದಳು. ಅವರು ಬೇಡ ಅನ್ನಲಿಲ್ಲ. ಅವಳು ಹಿಂದಿನ ದಿನದ ಟಿಪ್ಪಣಿ ತೆಗೆದು ಮೇಜಿನ ಮೇಲೆ ಆ ಕಡೆ ತಿರುಗಿಸಿದಳು. ಪ್ರಶ್ನೆ ಕೇಳಿದ ಸಮಯ ೩.೧೦. ಉತ್ತರ ಬಂದ ಸಮಯ ೩.೨೫.

ತಂಗಿ ಎರಡು ಅಂಕಿಗಳ ಮೇಲೂ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು.

"ಹದಿನೈದು ನಿಮಿಷ," ಅಂದಳು. "ಆ ಹುಡುಗಿಗೆ ವಾರಕ್ಕೆ ಒಂದು ಗಂಟೆ."

ಆಮೇಲೆ ಪೆನ್ನು ಇಸಿದುಕೊಂಡು ಹೇಳಿಕೆಗೆ ಸಹಿ ಹಾಕಿದಳು.