ಅಂಗನವಾಡಿಯ ಹೊಳೆಯುವ ಲೋಟಗಳು

ಮಾರ್ಚ್ ಹನ್ನೊಂದು, ಮಂಗಳವಾರ ಬೆಳಿಗ್ಗೆ ಪಿರಿಯಾಪಟ್ಟಣದ ಠಾಣೆಗೆ ಬಂದದ್ದು ಮದ್ದಿನ ದೂರು. ಕಲ್ಲುಮಂಟಿಕೊಪ್ಪಲಿನ ಚಿಕ್ಕಬೀರಮ್ಮ ಇನ್ಸ್‌ಪೆಕ್ಟರ್ ಉಷಾರಾಣಿಯ ಮೇಜಿಗೆ ಎರಡೂ ಕೈ ಊರಿ ನಿಂತಿದ್ದಳು.

"ನನ್ ಮೊಮ್ಮಗಂಗೆ ಮದ್ದಾಕವ್ಳೆ ಕಣವ್ವ, ಅಂಗನವಾಡಿ ಟೀಚರ್ ಪ್ರೇಮಮ್ಮ. ಅನ್ನದಲ್ಲಿ ಇಕ್ಕವ್ಳೆ."

ಆಗದವರು ಊಟದಲ್ಲಿ ಏನೋ ಬೆರೆಸಿಕೊಟ್ಟರು ಎಂಬ ದೂರು ಉಷಾರಾಣಿಗೆ ಹೊಸದಲ್ಲ. "ಮಗು ಎಲ್ಲಿದೆ?"

"ಮೈಸೂರ್ ದೊಡ್ಡಾಸ್ಪತ್ರೇಲಿ. ಫಿಟ್ಸ್ ಬಂತು. ಮಾತು ನಿಂತೋಗದೆ. ನಾಕು ವರ್ಸದ ಕೂಸು."

"ಪ್ರೇಮಮ್ಮ ಯಾಕೆ ಹಾಕ್ತಾಳೆ?"

"ಅವ್ಳಿಗೆ ಮಕ್ಳಿಲ್ವಲ್ಲ."

"ಮಕ್ಕಳಿಲ್ಲದೋರೆಲ್ಲ ಮದ್ದಾಕಂಗಿದ್ರೆ ನಮ್ ಸ್ಟೇಷನ್‌ನಲ್ಲಿ ಅರ್ಧ ಜನ ಒಳಗಿರಬೇಕಾಯ್ತದೆ ಕಣಜ್ಜಿ," ಎಂದ ಕಾನ್ಸ್‌ಟೇಬಲ್ ಚಲುವರಾಜು.

ಮುದುಕಿಯನ್ನು ಸಮಾಧಾನ ಮಾಡಿ ಕಳಿಸುವ ಮುಂಚೆ ಉಷಾರಾಣಿ ಆಸ್ಪತ್ರೆಗೆ ಫೋನ್ ಮಾಡಿದಳು. ವೈದ್ಯರು ಹೇಳಿದ್ದು ಕೇಳಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಲಿಖಿತ್‌ನ ರಕ್ತದಲ್ಲಿ ಸೀಸ ಇದೆ. ಬಹಳ ಇದೆ. ಔಷಧಿ ಕೊಟ್ಟು ಇಳಿಸ್ತಿದ್ದೀವಿ. ಆದರೆ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದೆ ಮನೆಗೆ ಕಳಿಸೋಕಾಗಲ್ಲ. ಮತ್ತೆ ಅದನ್ನೇ ತಿಂತಾನೆ. ಇನ್ನೊಂದು ಸಲ ಈ ಸ್ಥಿತೀಲಿ ಬಂದರೆ ಉಳಿಸೋದು ಕಷ್ಟ."

ಫೋನು ತಾಯಿಯ ಕೈಗೆ ಹೋಯಿತು. ರಮ್ಯಾ ಅಳುತ್ತಿರಲಿಲ್ಲ. "ಏನದು ಅಂತ ಹುಡುಕ್ಕೊಡಿ ಮೇಡಂ. ಅಲ್ಲೀಗಂಟ ಇವನ್ನ ಎಲ್ಲಿಗೆ ಅಂತ ಕರ್ಕೊಂಡೋಗ್ಲಿ?"

ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಾಯಿತು.

ರಮ್ಯಾಳ ಮನೆಯಲ್ಲಿ ಹೊಸ ಬಣ್ಣವಿರಲಿಲ್ಲ, ಒಡೆದ ಬ್ಯಾಟರಿ ಇರಲಿಲ್ಲ. ಅರಿಸಿನ, ಕುಂಕುಮ, ಬೋರಿನ ನೀರು ಎಲ್ಲದರಿಂದಲೂ ಮಾದರಿ ತೆಗೆದರು. ಮೂರು ದಿನಕ್ಕೆ ವರದಿ ಬಂತು. ಯಾವುದರಲ್ಲೂ ಏನೂ ಇಲ್ಲ. ಆದರೆ ಆರೋಗ್ಯ ಕಾರ್ಯಕರ್ತೆ ಊರಿನ ಮಿಕ್ಕ ಮಕ್ಕಳ ರಕ್ತ ತೆಗೆದಾಗ ಮುಕ್ಕಾಲು ಪಾಲು ಮಕ್ಕಳಲ್ಲಿ ಸೀಸ ಸಿಕ್ಕಿತು. ಹೊಟ್ಟೆನೋವಿಗೆ ಹುಳ ಅಂದುಕೊಂಡಿದ್ದರು. ಮಂಕಾಗಿ ಕೂತರೆ ಬಿಸಿಲು ಅಂದುಕೊಂಡಿದ್ದರು. ಒಂದು ಮಗುವೂ ಸುಮ್ಮನೆ ಮಂಕಾಗುವುದಿಲ್ಲ ಎಂದು ಇವರಿಗೆ ಯಾರೂ ಹೇಳಿರಲಿಲ್ಲ.

ಶನಿವಾರ ಉಷಾರಾಣಿ ಅಂಗನವಾಡಿಗೆ ಹೋದಾಗ ಬಾಗಿಲಿಗೆ ಯಾರೋ ಸಗಣಿ ಎರಚಿದ್ದರು. ಪ್ರೇಮಮ್ಮ ಅದನ್ನು ಒರೆಸದೆ ಬಿಟ್ಟಿದ್ದಳು.

"ಒರೆಸುದ್ರೆ ಇನ್ನೊಂದ್ಸಲ ಎರಚ್ತಾರೆ. ಇರ್ಲಿ ಬುಡಿ. ಮಜ್ಜಿಗೆ ಕುಡೀರಿ."

ಲೋಟ ಕನ್ನಡಿಯ ಹಾಗಿತ್ತು. ಉಷಾರಾಣಿ ಕುಡಿದಳು. ಪ್ರೇಮಮ್ಮ ಹಿತ್ತಿಲಿನಲ್ಲಿ ಕೂತು ತೆಂಗಿನ ನಾರಿನಿಂದ ಮಕ್ಕಳ ತಟ್ಟೆ ಉಜ್ಜತೊಡಗಿದಳು. ಪಕ್ಕದ ಬಕೆಟ್ಟಿನಲ್ಲಿ ಬೂದಿ ಇತ್ತು.

"ಎಲ್ಲೀದು ಬೂದಿ?"

"ದೊಡ್ಮನೆ ಪ್ರಭುಸ್ವಾಮಿಯೋರ ಹೊಗೆಸೊಪ್ಪಿನ ಬ್ಯಾರನ್ದು. ವರ್ಸಾ ವರ್ಸ ಊರಿಗೆಲ್ಲ ಕೊಡ್ತಾರೆ. ಸೌದೆ ಬೂದಿ ಅಲ್ವಾ, ಜಿಡ್ಡು ಚೆನ್ನಾಗಿ ಬುಡ್ತದೆ."

"ಹೊಗೆಸೊಪ್ಪು ಬೇಯಿಸೋದು ಜನವರೀಲೇ ಮುಗೀತಲ್ಲ. ಬ್ಯಾರನ್‌ಗೆ ಈಗ ಯಾಕೆ ಬೆಂಕಿ?"

ಪ್ರೇಮಮ್ಮನ ಕೈ ನಿಂತಿತು. "ಅದ್ಯಾಕೋ ಕಾಣೆ. ಈ ಸಲ ಮುಗೀದೇ ಇಲ್ಲ. ಬೂದೀನೂ ವಸಿ ಭಾರ. ಬಣ್ಣಾನೂ ಅಳದಿ ಅಳದಿ. ಆದ್ರೆ ಪಾತ್ರೆ ನೋಡಿ ಎಂಗ್ ಒಳೀತವೆ."

ಉಷಾರಾಣಿ ಬಕೆಟ್ಟಿಗೆ ಕೈಹಾಕಿ ಒಂದು ಹಿಡಿ ತೆಗೆದಳು. ಬೂದಿ ಅಷ್ಟು ತೂಗುವುದಿಲ್ಲ. ಮಜ್ಜಿಗೆಯ ಲೋಟವನ್ನೂ ಇದರಲ್ಲೇ ಉಜ್ಜಿದ್ದು. ಬೇಲಿಯ ಆಚೆಗೆ ಹೋಗಿ ಉಗಿದಳು, ಮತ್ತೆ ಉಗಿದಳು.

ಹೊಗೆಸೊಪ್ಪು ಹದಮಾಡುವ ಬ್ಯಾರನ್ ಊರಿನ ಹೊರಗಿತ್ತು. ಮಧ್ಯಾಹ್ನ ಪಂಚರ ಎದುರು ಬೀಗ ಒಡೆದರು. ಒಳಗಿನ ಗಾಳಿ ಮೂಗನ್ನು ಸುಟ್ಟಿತು. ಸೊಪ್ಪಿನ ಕಡ್ಡಿ ತೂಗುಹಾಕುವ ತೊಲೆಗಳ ಕೆಳಗೆ ಒಡೆದ ಲಾರಿ ಬ್ಯಾಟರಿಗಳ ರಾಶಿ. ಮಣ್ಣಿನ ಕುಲುಮೆ. ಕೊಪ್ಪದ ಗುಜರಿಯಿಂದ ತಂದದ್ದನ್ನು ಕರಗಿಸಿ ಸೀಸದ ಗಟ್ಟಿ ಮಾಡುತ್ತಿದ್ದರು. ಆಸಿಡ್ ಹರಿದ ನೆಲ ಹಸಿರಾಗಿ ನೊರೆಗಟ್ಟಿತ್ತು, ಅದರಲ್ಲಿ ಒಂದು ನಾಯಿ ಸತ್ತು ಉಬ್ಬಿತ್ತು. ಮೂಲೆಯಲ್ಲಿ ಕುಲುಮೆಯ ಬೂದಿ ಮೂಟೆ ಕಟ್ಟಿ ಹಂಚಲು ತಯಾರಾಗಿತ್ತು.

ಪಂಚನಾಮೆ ಬರೆಯುತ್ತಿದ್ದ ಚಲುವರಾಜು ಒಂದು ಮೂಟೆಯ ಬಾಯಿ ಬಿಚ್ಚಿ ನೋಡಿದ. "ಇದ್ರಲ್ಲಿ ಉಜ್ಜಿದ ತಟ್ಟೇಲಿ ಮಕ್ಳು ಉಂಡಿದ್ದಾ ಮೇಡಂ?" ಎಂದ. ಉಷಾರಾಣಿ ಮೂಟೆಗಳಿಗೆ ಸೀಲು ಹಾಕಿಸಿದಳು. ಬೂದಿ ಯಾರೂ ಮುಟ್ಟಕೂಡದು, ಇದ್ದ ಬೂದಿಯನ್ನೆಲ್ಲ ಒಪ್ಪಿಸಬೇಕು ಎಂದು ಆ ಸಂಜೆಯೇ ಊರಲ್ಲಿ ಸಾರಿಸಿದಳು.

ಮಂಗಳವಾರ ಪ್ರಯೋಗಾಲಯದ ವರದಿ ಬಂತು. ಬೂದಿಯ ತುಂಬ ಸೀಸ.

ಉಷಾರಾಣಿ ಮನೆಗೆ ಹೋದಾಗ ಪ್ರಭುಸ್ವಾಮಿ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂತಿದ್ದ. "ನಂಗೇನ್ ಗೊತ್ತು ಮೇಡಂ? ಬೂದಿ ಅಂದ್ರೆ ಬೂದಿ. ನಾವೂ ಅದ್ನೇ ಬಳಸ್ತಿದ್ವಿ."

ಉಷಾರಾಣಿ ಒಳಗೆ ಹೋದಳು. ಪಾತ್ರೆ ತೊಳೆಯುವ ಜಾಗದಲ್ಲಿ ಸೋಪಿನ ಡಬ್ಬಿ, ಹಸಿರು ಸ್ಪಂಜು. ಬೂದಿ ಉಜ್ಜಿದ ಗುರುತೂ ಇರಲಿಲ್ಲ. ಅವನ ಹೆಂಡತಿ ಒಲೆಯ ಮುಂದೆ ನಿಂತಿದ್ದಳು.

"ಯಾವಾಗಿಂದ ಸೋಪು?"

"ಸಂಕ್ರಾಂತಿ ಆದ್ಮೇಲಿಂದ."

"ಯಾಕೆ?"

ಅವಳು ಜಗಲಿಯ ಕಡೆ ನೋಡಿ ದನಿ ತಗ್ಗಿಸಿದಳು. "ಬೂದಿ ಒಳಕ್ಕೆ ತರಬೇಡ, ಮಕ್ಳು ಮುಟ್ಟಾವು ಅಂದ್ರು. ಕೊಪ್ಪದ ಗುಜರಿಯೋನು ಅವ್ರಿಗೆ ಮೊದಲೇ ಹೇಳಿದ್ನಂತೆ, ವಿಷ ಅಂತ."

ಅದು ಸಾಕಾಗಿತ್ತು. ವಿಷವೆಂದು ಗೊತ್ತಿದ್ದೂ ಕೊಟ್ಟು ಹಾನಿ ಮಾಡಿದ ಆರೋಪದ ಮೇಲೆ ಅವನನ್ನು ಅಲ್ಲಿಯೇ ಬಂಧಿಸಿದರು. ಜೀಪಿನ ಸುತ್ತ ಜನ ಸೇರಿತ್ತು. ಚಿಕ್ಕಬೀರಮ್ಮ ಸೆರಗು ಬಾಯಿಗೊತ್ತಿಕೊಂಡು ಹಿಂದೆ ನಿಂತಿದ್ದಳು. ಯಾರೋ ಹೆಂಗಸು, "ಕೇಳಿದಾಗೆಲ್ಲ ಕೊಡೋರು ಕಣವ್ವ, ಒಂದಿನ ಇಲ್ಲ ಅಂದೋರಲ್ಲ," ಎಂದಳು. ಪ್ರಭುಸ್ವಾಮಿ ಅತ್ತ ತಿರುಗಿ ಕೈಮುಗಿದ.

ಉಷಾರಾಣಿ ರಮ್ಯಾಳಿಗೆ ಫೋನ್ ಮಾಡಿದಳು. "ಸಿಕ್ತು, ಪಾತ್ರೆ ಉಜ್ಜೋ ಬೂದಿ. ಹಳೇ ಪಾತ್ರೆ ಒಂದೂ ಇಟ್ಕೋಬೇಡಿ. ಮನೆಯೆಲ್ಲ ಒದ್ದೆ ಬಟ್ಟೇಲಿ ಒರೆಸಿ. ಆಮೇಲೆ ಕರ್ಕೊಂಡ್ ಬನ್ನಿ."

"ಮಾತು?" ಎಂದಳು ರಮ್ಯಾ. "ಸೀಸ ಇಳೀತದೆ, ಮಾತು ಹೇಳಕಾಗಲ್ಲ ಅಂತಾರೆ ಡಾಕ್ಟ್ರು."

ಉಷಾರಾಣಿ ಫೋನ್ ಹಿಡಿದೇ ನಿಂತಳು. ರಮ್ಯಾಳೇ ಇಟ್ಟಳು.

ಠಾಣೆಯಲ್ಲಿ ಪ್ರಭುಸ್ವಾಮಿಯ ಸ್ವಇಚ್ಛಾ ಹೇಳಿಕೆ ಬರೆಸಿಕೊಂಡರು. ಬ್ಯಾಟರಿ ಕರಗಿಸಿದ್ದು ಆಸೆಗೆ. ಅದು ಉಷಾರಾಣಿಗೆ ಅರ್ಥವಾಗುತ್ತಿತ್ತು.

"ಬೂದಿ ಹೂತಿದ್ರೆ ಆಗ್ತಿರಲಿಲ್ವಾ?"

"ಹೂಳಬೋದಿತ್ತು."

"ಮತ್ತೆ?"

ಪ್ರಭುಸ್ವಾಮಿ ಅಂಗಿಯ ತೋಳು ಸರಿಮಾಡಿಕೊಂಡ. "ನಮ್ಮಪ್ಪನ ಕಾಲದಲ್ಲಿ ಹಟ್ಟಿ ತುಂಬ ಜನ ನಿಂತಿರೋರು ಮೇಡಂ. ಅದು ಕೊಡಿ ಬುದ್ಧಿ, ಇದು ಕೊಡಿ ಬುದ್ಧಿ ಅಂತ. ಈಗ ಯಾರಿಗೂ ನಮ್ಮಿಂದ ಏನೂ ಬೇಡ. ಬೂದಿಗೊಂದು ಬರೋರು. ಸೀಸನ್ ಮುಗುದ್ ಮೇಲೂ ಬರೋರು. ಬುಟ್ಟಿ ಮಂಕರಿ ಹಿಡ್ಕೊಂಡು ಕಾಯೋರು."

ಚಲುವರಾಜು ಬರೆದದ್ದನ್ನು ಓದಿ ಹೇಳಿದ. ಪ್ರಭುಸ್ವಾಮಿ ಕಣ್ಣು ಮುಚ್ಚಿ ಕೇಳಿದ, ಪೆನ್ನು ತೆಗೆದುಕೊಂಡ, ತಡೆದ.

"'ಬೂದಿ ಹಂಚಿದೆ' ಅಂತ ಬರ್ದಿದ್ದೀರಲ್ಲ. 'ದಾನ ಕೊಟ್ಟೆ' ಅಂತ ಆಕ್ರಿ."

ಅವನು ಸಹಿ ಹಾಕಬೇಕಾದ ಜಾಗವನ್ನು ಉಷಾರಾಣಿ ಬೆರಳಿನಿಂದ ತೋರಿಸಿದಳು.