ಎಂಟನೇ ಭೇಟಿಯ ಸುಳ್ಳು ನೋವು

"ಅಯ್ಯಯ್ಯೋ! ಅಲ್ಲೇ ಡಾಕ್ಟ್ರೇ, ಅಲ್ಲೇ!"

ಬೋರಲು ಮಲಗಿದ್ದ ಗೋಲ್‌ಕೀಪರ್ ಕೂಗಿದ ಕೂಗಿಗೆ ಬೇರೆ ಯಾರಾದರೂ ಹೆದರುತ್ತಿದ್ದರೇನೋ. ಅವಳು ಹೆದರಲಿಲ್ಲ. ಅವಳು ಕೈರೋಪ್ರಾಕ್ಟರ್, ಹನ್ನೊಂದು ವರ್ಷದಿಂದ ಬರೀ ಕೈಯಿಂದಲೇ ಬೆನ್ನು, ಕೀಲುಗಳ ನೋವು ನೋಡುತ್ತಿದ್ದವಳು. ನಿಜವಾಗಿ ನೊಂದ ಸ್ನಾಯು ಮುಟ್ಟಿದ ಕೂಡಲೇ ಬಿಗಿಯುತ್ತದೆ. ಈ ಮಹಾಶಯನ ಸ್ನಾಯು ಆರಾಮಾಗಿ ನಿದ್ದೆ ಹೊಡೆಯುತ್ತಿತ್ತು.

"ಹೋದ ವಾರ ಎಡಗಡೆ ನೋವು ಅಂದಿದ್ರಿ."

"ಈಗ ಬಲಗಡೆಗೆ ಬಂದುಬಿಟ್ಟಿದೆ."

"ನಾನೀಗ ಒತ್ತಿದ್ದು ಎಡಗಡೇನೇ."

ಅವನ ಮುಖ, ಮುಖ ಇಡಲೆಂದೇ ಮೇಜಿನಲ್ಲಿದ್ದ ತೂತಿನೊಳಗೆ ಅಡಗಿತ್ತು, ಆದರೆ ಕಿವಿಗಳು ಕೆಂಪಾದವು. ಅವಳು ತುಟಿ ಕಚ್ಚಿ ನಗು ತಡೆದಳು.

ಎರಡು ತಿಂಗಳ ಹಿಂದೆ ಫುಟ್‌ಬಾಲ್ ಪಂದ್ಯದಲ್ಲಿ ಪೆನಾಲ್ಟಿ ಒದೆತ ಹಿಡಿಯಲು ಹಾರಿ, ಸೊಂಟದ ಮೇಲೆ ಬಿದ್ದು, ಗೋಡೆ ಹಿಡಿದುಕೊಂಡು ಬಂದಿದ್ದ. ಕಾಲು ಜೋಮು ಹಿಡಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅವಳು ಕೈ ಹಾಕಿದ್ದು. ಕೀಲು 'ಟಕ್' ಎಂದಾಗ ಮೂಳೆಯೇ ಮುರಿಯಿತೆಂದು ಅಷ್ಟೆತ್ತರದ ಆಸಾಮಿ ಕಣ್ಣುಮುಚ್ಚಿ ಅಮ್ಮನನ್ನು ಕರೆದಿದ್ದ! ಅದು ಕೀಲಿನೊಳಗಿನ ಗಾಳಿಗುಳ್ಳೆಯ ಸದ್ದು ಎಂದು ನಂಬಿಸಲು ಕಾಲು ಗಂಟೆ ಹಿಡಿದಿತ್ತು. ಬಿಗಿದ ಕೀಲು ಸಡಿಲವಾಯಿತು, ಹೇಳಿಕೊಟ್ಟ ವ್ಯಾಯಾಮ ತಪ್ಪದೆ ಮಾಡಿದ, ಆರನೇ ಭೇಟಿಗೆ ಪೂರ್ತಿ ವಾಸಿಯಾದ.

ಇದು ಎಂಟನೆಯದು. ಏಳನೆಯದಕ್ಕೇ ಅವನ ನಾಟಕ ಅವಳಿಗೆ ತಿಳಿದಿತ್ತು, ಬಾಯಿಬಿಟ್ಟಿರಲಿಲ್ಲ. ಅದು ಅವಳ ತಪ್ಪು. ಏನು ಮಾಡುವುದು, ಸೋಮವಾರದಿಂದಲೇ ಅವನು ಬರುವ ಗುರುವಾರಕ್ಕೆ ಕಾಯುತ್ತಿದ್ದಳಲ್ಲ!

ಅವನು ಎದ್ದು ಕೂರುವಷ್ಟರಲ್ಲಿ ಅವಳ ಸೋದರತ್ತೆ ಫೋನ್ ಹಿಡಿದು ಬಾಗಿಲು ತಳ್ಳಿಕೊಂಡು ಬಂದರು. ಸೋದರ ಸೊಸೆಗೊಂದು ಗಂಡು ಹುಡುಕಿಯೇ ಸಿದ್ಧ ಎಂದು ಪಟ್ಟು ಹಿಡಿದಿದ್ದವರು.

"ಗಂಡಿನ ಕಡೆಯವರು ಒಪ್ಪಿದ್ರು ಕಣೇ! ಲೈನಲ್ಲೇ ಇದ್ದಾರೆ. ಒಂದೇ ಒಂದು ಮಾತು. ಮದುವೆ ಆದ್ಮೇಲೆ ಗಂಡಸರ ಮೈ ಮುಟ್ಟೋ ಕೆಲಸ ಬೇಡ್ವಂತೆ. ಬರೀ ಹೆಂಗಸರನ್ನ ನೋಡಿದ್ರಾಯ್ತು. ಹ್ಞೂಂ ಅಂದ್ಬಿಡು."

ಅವಳಿಗೆ ಸಿಟ್ಟು ನೆತ್ತಿಗೇರಿತು. ಆ ಬೆಳಿಗ್ಗೆ ಬಸ್ ಡ್ರೈವರೊಬ್ಬನ ಬಿಗಿದ ಕುತ್ತಿಗೆ ಮತ್ತೆ ತಿರುಗುವಂತಾಗಿತ್ತು. ಮೊಮ್ಮಗಳನ್ನು ಎತ್ತಿಕೊಳ್ಳಲಾರದೆ ಒದ್ದಾಡುತ್ತಿದ್ದ ಅಜ್ಜ ಬಾಗಿ ತನ್ನ ಬೂಟು ತಾನೇ ಕಟ್ಟಿಕೊಂಡಿದ್ದ. ಇಂಥವರನ್ನೆಲ್ಲ ಬಾಗಿಲಿಂದಲೇ ವಾಪಸ್ ಕಳಿಸಬೇಕೇ?

ಫೋನ್ ಕಿತ್ತುಕೊಂಡಳು.

"ನೋಡಿ, ಬೆಳಿಗ್ಗೆಯಿಂದ ಒಂಬತ್ತು ಜನ ಗಂಡಸರ ಬೆನ್ನು ಮುಟ್ಟಿದೀನಿ. ನಾಳೇನೂ ಮುಟ್ತೀನಿ, ಮದುವೆ ಆದ್ಮೇಲೂ ಮುಟ್ತೀನಿ. ಸರಿಹೋಗಲ್ಲ ಅಂದ್ರೆ ಬೇರೆ ಹೆಣ್ಣು ನೋಡ್ಕೊಳ್ಳಿ."

ಅತ್ತೆ ತಲೆಯ ಮೇಲೆ ಕೈಹೊತ್ತರು. "ನಿನಗೇನು ತಲೆ ಕೆಟ್ಟಿದೆಯೇನೇ? ಇನ್ಯಾರು ಒಪ್ತಾರೆ ನಿನ್ನ?"

"ನಾನು," ಎಂದ ಗೋಲ್‌ಕೀಪರ್. ಎಂದವನೇ ತಾನೇ ಬೆವೆತ. "ಎರಡು ವಾರದಿಂದ ಅದನ್ನ ಹೇಳೋಕೇ ಬರ್ತಿದೀನಿ. ಬಾಯಿಗೆ ಬರ್ತಿರಲಿಲ್ಲ. ಅದಕ್ಕೇ ನೋವು ಅಂತಿದ್ದೆ."

ಅವಳು ಕಾದಿದ್ದ ಮಾತೇ ಅದು. ಆದರೂ ಸಿಟ್ಟು ಇಳಿಯಲಿಲ್ಲ.

"ನೀವು ಒಪ್ಪೋಕೆ ನಾನೇನು ಅಂಗಡಿ ಸಾಮಾನಾ? ನಾನೂ ಒಪ್ಪಬೇಕಲ್ಲ! ನಿಮ್ಮ ಟೀಮಿನವರೆಲ್ಲ ಇದೇ ಮೇಜಿನ ಮೇಲೆ ಮಲಗ್ತಾರೆ. ಹೊಟ್ಟೆ ಉರಿಯಲ್ವಾ ನಿಮಗೆ?"

"ಉರಿಯುತ್ತೆ. ಅವರಿಗೆ ನಿಜವಾದ ನೋವಿದೆಯಲ್ಲ, ನನಗಿಲ್ವಲ್ಲ ಅಂತ."

ಅವಳು ಸರಕ್ಕನೆ ತಿರುಗಿ ಅವನ ಫೈಲು ತೆರೆದಳು. ಎರಡು ಸಾಲು ಬರೆದು ಸಹಿ ಹಾಕಿದಳು.

"ನಿಮ್ಮ ಟ್ರೀಟ್‌ಮೆಂಟ್ ಮುಗೀತು. ಇನ್ನು ಬರಬೇಡಿ. ಮತ್ತೆ ನೋವಾದ್ರೆ ಬೇರೆ ಡಾಕ್ಟರ ಹತ್ರ ಹೋಗಿ, ಚೀಟಿ ಕೊಡ್ತೀನಿ."

ಅವನ ಮುಖ ಬಾಡಿತು. ಅವನು ಚೀಟಿ ಜೇಬಿಗಿಟ್ಟು ಬಾಗಿಲ ಕಡೆ ನಡೆದ.

"ಎಲ್ಲಿಗೆ?"

"ಬರಬೇಡಿ ಅಂದ್ರಲ್ಲ."

"ಪೇಷಂಟ್ ಆಗಿ ಬರಬೇಡಿ ಅಂದೆ. ಪೇಷಂಟನ್ನ ಪ್ರೀತಿಸೋ ಹಾಗಿಲ್ಲ ನಾನು. ಎರಡು ವಾರದ ಹಿಂದೇನೇ ಕಳಿಸಬೇಕಿತ್ತು ನಿಮ್ಮನ್ನ, ಮನಸ್ಸು ಬರಲಿಲ್ಲ." ಅವಳು ಅವನ ಫೈಲು ಮುಚ್ಚಿ ಪಕ್ಕಕ್ಕಿಟ್ಟಳು. "ಈಗ ನೀವು ನನ್ನ ಪೇಷಂಟ್ ಅಲ್ಲ. ಏನು ಕೇಳಬೇಕು ಅಂತಿದ್ರೋ ಕೇಳಿ."

ಅವನು ಅಳುಕುತ್ತ ಅತ್ತೆಯ ಮುಖ ನೋಡಿದ.

"ಅವರನ್ನಲ್ಲ," ಎಂದಳು ಅವಳು. "ನನ್ನನ್ನ ಕೇಳಿ."