ಲೋಲಾಕ್ಷಿಯ ಬೋಣಿ

ಸಿದ್ಧಕಟ್ಟೆಯ ಸಂತೆಯಲ್ಲಿ ಲೋಲಾಕ್ಷಿಯ ಬಸಳೆಗೆ ಪ್ರತಿ ವಾರ ಬೋಣಿ ಮಾಡುತ್ತಿದ್ದವನು ಧರ್ಣಪ್ಪ. ಆ ದಿನ ಅವನು ಅವಳನ್ನು ನೋಡಿಯೂ ನೋಡದವನಂತೆ ದಾಟಿ ಹೋದ!

ಹೋಗಿ ನಿಂತದ್ದು ಪಕ್ಕದ ದಮಯಂತಿಯಕ್ಕನ ಎದುರು. ಸೌತೆ, ಕುಂಬಳ ಎಂದು ಗೋಣಿ ತುಂಬಿಸಿದ.

"ಇವತ್ತು ಬಸಳೆ ಬೇಡವಾ?" ಲೋಲಾಕ್ಷಿಯೇ ಬಾಯಿಬಿಟ್ಟು ಕೇಳಿದಳು.

"ಇವತ್ತು ಬೇಡ. ಮುಂದಿನ ವಾರ ಬರ್ತೇನೆ."

ಅಷ್ಟೇ. ತಲೆ ತಗ್ಗಿಸಿಕೊಂಡು ಮೂಡಬಿದಿರೆಯ ಬಸ್ಸಿನತ್ತ ನಡೆದ.

ಹಿಂದಿನ ವಾರವಷ್ಟೇ, "ನಮ್ಮ ಸೋದರಮಾವನನ್ನು ನಿಮ್ಮ ಮನೆಗೆ ಕಳಿಸ್ತೇನೆ, ಹೆಣ್ಣು ಕೇಳ್ಲಿಕ್ಕೆ" ಎಂದಿದ್ದ. ಆ ಮಾತನ್ನು ನಂಬಿ ಅವಳು ವಾಮದಪದವಿನಿಂದ ಬಂದ ಸಂಬಂಧಕ್ಕೆ ಇಂದು ನಾಳೆ ಎನ್ನುತ್ತಾ ಬಂದಿದ್ದಳು.

'ಮಾವ ಒಪ್ಪಲಿಲ್ಲ ಅಂತ ಹೇಳುವ ಧೈರ್ಯವೂ ಇಲ್ಲ ಇವನಿಗೆ... ಸಂತೆಯವರ ಎದುರಿಗೇ ನನ್ನನ್ನು ಬಿಟ್ಟು ಹೋದನಲ್ಲ!'

ಅವಮಾನದಿಂದ ಮೈ ಉರಿಯಿತು. ಮನೆಗೆ ಹೋದವಳೇ ಅಪ್ಪನಿಗೆ, "ವಾಮದಪದವಿನವರಿಗೆ ಆಗಬಹುದು ಅಂತ ಹೇಳಿ" ಎಂದುಬಿಟ್ಟಳು. ಆ ವಾರದೊಳಗೇ ವೀಳ್ಯ ಬದಲಾಗಿ ಮದುವೆ ನಿಶ್ಚಯವಾಯಿತು.

ಮುಂದಿನ ಸಂತೆಗೆ ಧರ್ಣಪ್ಪ ಬಂದ. ಮೀಸೆ ಬೋಳಿಸಿದ್ದ. ಲೋಲಾಕ್ಷಿ ಕಟ್ಟುತ್ತಿದ್ದ ಬಸಳೆಯನ್ನು ಕೆಳಗಿಟ್ಟಳು.

"ಯಾರು ತೀರಿಹೋದದ್ದು...?"

"ಮಾವ. ಹೋದ ಸಂತೆಗೆ ಬಂದದ್ದು ಅವರ ಬೊಜ್ಜದ, ಉತ್ತರಕ್ರಿಯೆಯ ಅಡುಗೆಗೆ ತರಕಾರಿ ಒಯ್ಯಲಿಕ್ಕೆ. ದಮಯಂತಿಯಕ್ಕನಿಗೆ ಬೋಣಿ ಆಗಿತ್ತು. ನಿನಗೆ ಆಗಿರಲಿಲ್ಲ. ಸೂತಕದ ಕೈಯಿಂದ ನಿನಗೆ ಹೇಗೆ ಬೋಣಿ ಮಾಡುವುದು?"

"ಒಂದು ಮಾತು ಹೇಳಬಾರದಿತ್ತಾ?"

"ಬೋಣಿಗೆ ಮೊದಲೇ ಸಾವಿನ ಸುದ್ದಿಯಾ... ನಿನಗೆ ಒಳ್ಳೆಯದಾಗಲಿ ಅಂತ ಸುಮ್ಮನಿದ್ದೆ. ಈಗ ದೊಡ್ಡಮ್ಮನನ್ನು ಕಳಿಸ್ತೇನೆ, ಆಗಬಹುದಾ?"

"ನನ್ನ ವೀಳ್ಯ ಆಯ್ತು. ಸಿಟ್ಟಿನಲ್ಲಿ ನಾನೇ ಒಪ್ಪಿದ್ದು. ನನಗೆ ನೀವೇ ಬೇಕಿತ್ತು. ಹೇಳಿದ್ದರೆ ಆ ದಿನ ಬೋಣಿ ಇಲ್ಲದೆಯೇ ಕೂರ್ತಿದ್ದೆ."

ಅವನು ಬಸಳೆಯ ಕಟ್ಟುಗಳ ಎದುರು ಕುಕ್ಕರಗಾಲಲ್ಲಿ ಕೂತ.

"ಇವತ್ತು ಬೋಣಿ ಆಗಿದೆಯಾ?"

"ಇಲ್ಲ."

"ನಾನು ಮಾಡಲಾ?"

"ಮಾಡಿ. ಮುಂದಿನ ವಾರದಿಂದ ನನ್ನ ತಂಗಿ ಬರ್ತಾಳೆ."

ಅವನು ಕೊಟ್ಟ ಹೊಸ ನಯಾಪೈಸೆಗಳನ್ನು ಅವಳು ಎಂದಿನಂತೆ ಕಣ್ಣಿಗೊತ್ತಿಕೊಂಡಳು. ಕಣ್ಣಿನಿಂದ ಕೈ ತೆಗೆಯಲು ತಡವಾಯಿತು. ಅಷ್ಟರಲ್ಲಿ ಅವನು ಹೋಗಿದ್ದ.

"ಮಧ್ಯಾಹ್ನಕ್ಕೆ ಮೊದಲೇ ಖಾಲಿಯಾ ಮಾರಾಯ್ತಿ! ಅವನ ಕೈಗುಣ ನೋಡು" ಎಂದು ದಮಯಂತಿಯಕ್ಕ ನಕ್ಕಳು.

"ಹೌದಕ್ಕ, ಒಳ್ಳೆಯ ಕೈ" ಎಂದಳು ಲೋಲಾಕ್ಷಿ. ಬರಿದಾದ ಬುಟ್ಟಿಯ ಎದುರು, ಸಂತೆ ಮುಗಿಯುವವರೆಗೂ ಕೂತೇ ಇದ್ದಳು.